ಮಗಳು ‘ನಾನು ಹುಡುಗ’ ಅಂತಿದ್ದಾಳೆ, ಹೇಗೆ ಮಾತಾಡಲಿ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಡಿಕೆ ತೋಟವಿದೆ. ಒಬ್ಬಳೇ ಮಗಳು, 24 ವರ್ಷ, ಬೆಂಗಳೂರಲ್ಲಿ ಕೆಲಸ. ಹೋದ ತಿಂಗಳು ಫೋನಿನಲ್ಲಿ, “ಅಮ್ಮಾ, ನಾನು ಒಳಗೆ ಮೊದಲಿಂದಲೂ ಹುಡುಗನೇ. ಡಾಕ್ಟರ್ ಹತ್ರ ಹೋಗೋಣ ಅಂತಿದ್ದೀನಿ” ಎಂದಳು. ನಮ್ಮ ಮನೆಯವರು ಅವತ್ತಿನಿಂದ ಮಾತೇ ಆಡುತ್ತಿಲ್ಲ. ಅಣ್ಣ “ಬೇಗ ಮದುವೆ ಮಾಡು, ಸರಿಹೋಗುತ್ತೆ” ಅಂತಾರೆ. ಭೂಮಿ ಹುಣ್ಣಿಮೆಗೆ ಮನೆಗೆ ಬರುತ್ತಾಳಂತೆ. ನಾನು ಹೇಗೆ ಮಾತಾಡಲಿ?

ಉತ್ತರ: ಅಮ್ಮಾ, ಮೊದಲು ಆ ಮದುವೆ ಮಾತು ನಿಲ್ಲಿಸಿ. ಮದುವೆಯಿಂದ ಇದು ಹೋಗುವುದಿಲ್ಲ. ಜೊತೆಗೆ ಇನ್ನೊಬ್ಬರ ಮನೆ ಮಗನ ಬಾಳೂ ಹಾಳಾಗುತ್ತೆ. ಇದು ಮಾನಸಿಕ ಕಾಯಿಲೆಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ತನ್ನ ಕಾಯಿಲೆಗಳ ಪಟ್ಟಿಯನ್ನು ತಿದ್ದಿದೆ. ಯಾರಾದರೂ ಡಾಕ್ಟರು “ಮನಸ್ಸು ಬದಲಾಯಿಸಿ ಕೊಡ್ತೀವಿ” ಎಂದರೆ ಅಲ್ಲಿಗೆ ಹೋಗಬೇಡಿ. ಅಂಥ ಚಿಕಿತ್ಸೆ ಮಾಡುವುದು ವೃತ್ತಿಗೆ ತಕ್ಕದ್ದಲ್ಲದ ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ.

ಈಗ ನೀವು ಕೇಳಿದ ಮಾತಿಗೆ ಬರುತ್ತೇನೆ. ನಮ್ಮ ಕನ್ನಡದಲ್ಲಿ ಒಂದು ಅನುಕೂಲ ಇದೆ. ‘ಬಂದಳು’, ‘ಬಂದ’ ಎಂದು ಗಂಡು ಹೆಣ್ಣು ಬೇರೆ ಮಾಡಬೇಕಾಗುವುದು ಮಗುವಿನ ಬಗ್ಗೆ ಬೇರೆಯವರ ಹತ್ತಿರ ಮಾತಾಡುವಾಗ. ಮಗುವಿನ ಜೊತೆಗೇ ಮಾತಾಡುವಾಗ “ಯಾವಾಗ ಬಂದೆ? ಊಟ ಮಾಡಿದ್ಯಾ?” ಅಂತೀವಿ. ಅಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಈ ಒಂದು ತಿಂಗಳಲ್ಲಿ ನೀವು ಅಣ್ಣನ ಹತ್ತಿರ ಜಾಸ್ತಿ ಮಾತಾಡಿದ್ದೀರಿ ಅನಿಸುತ್ತೆ. ಮಗುವಿನ ಹತ್ತಿರ ಕಡಿಮೆ. ಅದನ್ನು ತಿರುಗಿಸಿ.

ನಾನೂ ‘ನಿಮ್ಮ ಮಗು’ ಎಂದೇ ಬರೆಯುತ್ತಿದ್ದೇನೆ. ಯಾವ ಹೆಸರಲ್ಲಿ ಕರೆಯಬೇಕು, ಮಗಳು ಅನ್ನಬೇಕಾ ಮಗ ಅನ್ನಬೇಕಾ, ಇದನ್ನು ಆ ಮಗುವನ್ನೇ ಕೇಳಬೇಕಲ್ವಾ? ಹಬ್ಬದ ಹಿಂದಿನ ರಾತ್ರಿ ಅಡುಗೆಮನೆಯಲ್ಲಿ ನಿದ್ದೆಗೆಟ್ಟು ಕೂತಿರುತ್ತೀರಿ. ಆಗ ಕೇಳಿ. “ಎಷ್ಟು ದಿನದಿಂದ ಒಬ್ಬನೇ ಹೊತ್ಕೊಂಡಿದ್ದೆ” ಎನ್ನುವಂಥ ಉತ್ತರ ಬಂದರೆ ಗಾಬರಿಯಾಗಬೇಡಿ. ತಪ್ಪಿ ಹಳೇ ಹೆಸರು ಬಾಯಿಗೆ ಬಂದರೆ ತಿದ್ದಿಕೊಂಡು ಮುಂದೆ ಹೋಗಿ.

ಡಾಕ್ಟರ ವಿಷಯ. ಮೊದಲು ಮನೋವೈದ್ಯರು ಕೂತು ಮಾತಾಡುತ್ತಾರೆ, ಆಮೇಲೆ ಹಾರ್ಮೋನ್ ತಜ್ಞರು. ಹೆಸರು, ಬಟ್ಟೆ, ಕೂದಲು ಬದಲಾಯಿಸಿದ್ದನ್ನು ಬೇಡವೆಂದರೆ ವಾಪಸ್ ತರಬಹುದು. ಟೆಸ್ಟೋಸ್ಟೆರಾನ್ ಎಂಬ ಗಂಡು ಹಾರ್ಮೋನಿನ ಇಂಜೆಕ್ಷನ್ ಹಾಗಲ್ಲ. ಒಡೆದ ಧ್ವನಿ, ಬಂದ ಗಡ್ಡ ಔಷಧಿ ನಿಲ್ಲಿಸಿದರೂ ಹಾಗೇ ಉಳಿಯುತ್ತವೆ. ರಕ್ತ ಗಟ್ಟಿಯಾಗುವ ಸಾಧ್ಯತೆ ಇರುವುದರಿಂದ ಆಗಾಗ ರಕ್ತಪರೀಕ್ಷೆ ಬೇಕೇಬೇಕು. ಮುಂದೆ ಸ್ವಂತ ಮಕ್ಕಳ ಆಸೆ ಇದ್ದರೆ, ಅಂಡಾಣು ಕಾಪಿಡುವ ಬಗ್ಗೆ ಇಂಜೆಕ್ಷನ್ ಶುರುವಾಗುವ ಮೊದಲೇ ಕೇಳಬೇಕು. ನನಗೆ ನಿಜವಾದ ಭಯ ಇರುವುದು ಒಂದೇ ಕಡೆ. ಮನೆಯವರ ಬೆಂಬಲ ಇಲ್ಲದ ಮಕ್ಕಳು ಡಾಕ್ಟರನ್ನು ಬಿಟ್ಟು ಯಾರೋ ಕೊಟ್ಟ ಇಂಜೆಕ್ಷನ್ ಚುಚ್ಚಿಕೊಳ್ಳುತ್ತಾರೆ. ಆಪರೇಷನ್ ಎಲ್ಲರಿಗೂ ಬೇಕಾಗುವುದೂ ಇಲ್ಲ. ಗಂಡೋ ಹೆಣ್ಣೋ ಎಂದು ಗುರುತಿಸಿಕೊಳ್ಳಲು ಆಪರೇಷನ್ ಆಗಿರಲೇಬೇಕು ಎಂದು ಒತ್ತಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದೆ. ವಯಸ್ಸಿಗೆ ಬಂದ ಮಗು, ತೀರ್ಮಾನ ಅದರದ್ದೇ.

ಮನೆಯವರ ಮೌನಕ್ಕೆ ಸ್ವಲ್ಪ ಸಮಯ ಕೊಡಿ. ಮಂಜಮ್ಮ ಜೋಗತಿಯವರು ಪದ್ಮಶ್ರೀ ತೆಗೆದುಕೊಂಡಿದ್ದನ್ನು ಅವರೂ ಟಿವಿಯಲ್ಲಿ ನೋಡಿರಬಹುದು. ಮಂಜಮ್ಮನವರಂತೆ ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವವರು ನಮ್ಮ ಕಣ್ಣಿಗೆ ಬೀಳುತ್ತಾರೆ. ನಿಮ್ಮ ಮಗುವಿನಂಥವರು ಕಾಣಿಸುವುದು ಕಡಿಮೆ, ಅದಕ್ಕೇ ಹೆದರಿಕೆ ಜಾಸ್ತಿ.

ನಿಮಗೂ ಅಳು ಬರುತ್ತೆ. ಜಡೆ ಹೆಣೆದು ಬೆಳೆಸಿದ ಮಗಳು ಕೈಬಿಟ್ಟು ಹೋದ ಹಾಗೆ ಅನಿಸುತ್ತೆ. ಅದು ತಪ್ಪಲ್ಲ. ಆದರೆ ಆ ಅಳುವನ್ನು ಮಗುವಿನ ಮುಂದೆ ಇಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೂ ಮನೋವೈದ್ಯರಿದ್ದಾರೆ.

ಹಬ್ಬ ಮುಗಿಸಿ ಹೊರಡುವಾಗ, “ಡಾಕ್ಟರ್ ಹತ್ರ ಹೋಗೋ ದಿನ ನಾನೂ ಬರಲಾ?” ಎಂದು ಕೇಳಿ. ಬೇಡ ಎಂದರೆ ಬೇಜಾರಾಗಬೇಡಿ. “ಆಯ್ತು, ಹೊರಗೆ ಬಂದ ತಕ್ಷಣ ಫೋನ್ ಮಾಡು” ಅನ್ನಿ.