ಜುಲೈನಲ್ಲಿ ಕ್ಯಾಂಪರ್‌ವ್ಯಾನ್ ಹಿಡಿದು ದಕ್ಷಿಣ ಫ್ರಾನ್ಸ್ ಸುತ್ತಬಹುದಾ?

ಬೆಂಗಳೂರಿನಿಂದ ನಾಲ್ಕು ಜನ ಜುಲೈ ಕೊನೆಗೆ ಹೋಗುತ್ತೇವೆ, ಮಾರ್ಸೇಯಿಂದ ನೀಸ್‌ವರೆಗೆ ಸಮುದ್ರದ ದಂಡೆಯಲ್ಲೇ ವ್ಯಾನ್ ನಿಲ್ಲಿಸಿ ಮಲಗುತ್ತಾ ಹೋಗಬಹುದಾ ಅಂತ ಕೇಳಿದ್ದೀರಿ. ವ್ಯಾನ್ ಖಂಡಿತ ತಗೊಳ್ಳಿ. ಆದರೆ ದಂಡೆ ಬಿಟ್ಟು ಒಳನಾಡಿಗೆ ಹೋಗಿ. ನಾವಿರುವುದು ಜರ್ಮನಿಯಲ್ಲಿ. ಊರಿಂದ ಬಂದ ಅಪ್ಪ, ಅಮ್ಮನ ಜೊತೆ ಜೂನ್ ಕೊನೆಗೆ ಇದೇ ಕಡೆ ಸುತ್ತಿದ್ದೆವು. ಒಳ್ಳೆಯ ನೆನಪೂ ಇದೆ, ಜಗಳದ ನೆನಪೂ ಇದೆ. ಜಗಳ ಹೆಚ್ಚಾಗಿ ಸಮುದ್ರದ ಕಡೆಯದೇ.

ಅಲ್ಲಿನ ಬೀಚ್ ಪಾರ್ಕಿಂಗ್‌ಗಳಲ್ಲಿ ಎಷ್ಟೋ ಕಡೆ ಒಳಗೆ ಹೋಗುವಲ್ಲೇ ಕಬ್ಬಿಣದ ಅಡ್ಡಪಟ್ಟಿ ಇರುತ್ತದೆ, ಸುಮಾರು ಎರಡು ಮೀಟರ್ ಎತ್ತರಕ್ಕೆ. ಕಾರು ಹೋಗುತ್ತದೆ, ವ್ಯಾನ್ ಹೋಗುವುದಿಲ್ಲ. ಅದು ಬೇಕಂತಲೇ ಹಾಕಿರುವುದು. ಪಟ್ಟಿ ಇಲ್ಲದ ಕಡೆ ರಾತ್ರಿ ನಿಲ್ಲಬಾರದು ಅಂತ ಬೋರ್ಡ್. ಜುಲೈ, ಆಗಸ್ಟ್‌ನಲ್ಲಿ ಫ್ರೆಂಚರಿಗೂ ರಜೆ, ಹಾಗಾಗಿ ಕ್ಯಾಂಪಿಂಗ್ ಜಾಗಗಳೆಲ್ಲ ಮೊದಲೇ ಬುಕ್ ಆಗಿರುತ್ತವೆ. ಜೂನ್‌ನಲ್ಲೇ ನಾವು ಸಂಜೆ ಆರರಿಂದ ಜಾಗ ಹುಡುಕುತ್ತಾ ಕತ್ತಲಾದ ಮೇಲೆ ಕುದಿಯುವ ವ್ಯಾನಿನಲ್ಲಿ ಊಟ ಮಾಡಿದ್ದೇವೆ. ಎಂಜಿನ್ ಆಫ್ ಮಾಡಿದರೆ ಎಸಿ ಇಲ್ಲ, ಇದನ್ನು ನೆನಪಿಟ್ಟುಕೊಳ್ಳಿ. ಹೆದ್ದಾರಿ ಪಕ್ಕದ ವಿಶ್ರಾಂತಿ ಜಾಗದಲ್ಲಿ ಮಾತ್ರ ರಾತ್ರಿ ಮಲಗಬೇಡಿ, ಕಳ್ಳತನ ಜಾಸ್ತಿ.

ಒಳನಾಡಿನಲ್ಲಿ ಇದೇ ವ್ಯಾನ್ ಬೇರೆಯೇ ಸುಖ. ಊರೂರಿಗೆ 'ಏರ್' ಅಂತ ಕ್ಯಾಂಪರ್‌ವ್ಯಾನ್ ನಿಲ್ದಾಣ ಇದೆ. ಕೆಲವು ಪುಕ್ಕಟೆ, ಕೆಲವಕ್ಕೆ ಒಂದಿಷ್ಟು ಯೂರೋ. ನೀರು ತುಂಬಿಸುವುದು, ಕೊಳೆ ನೀರು ಬಿಡುವುದು, ಟಾಯ್ಲೆಟ್ ಪೆಟ್ಟಿಗೆ ಖಾಲಿ ಮಾಡುವುದು, ಎಲ್ಲ ಅಲ್ಲೇ. ಆ ಪೆಟ್ಟಿಗೆ ವಿಚಾರ ಯಾವ ಟ್ರಾವೆಲ್ ವಿಡಿಯೋದಲ್ಲೂ ತೋರಿಸುವುದಿಲ್ಲ. ನಾಲ್ಕು ಜನರಿದ್ದರೆ ದಿನ ಬಿಟ್ಟು ದಿನವಾದರೂ ಒಬ್ಬರು ಅದನ್ನು ಎಳೆದುಕೊಂಡು ಹೋಗಿ ಸುರಿದು ತೊಳೆಯಬೇಕು. ಯಾರು ಅಂತ ಬೆಂಗಳೂರಲ್ಲೇ ತೀರ್ಮಾನ ಮಾಡಿಕೊಂಡು ಹೊರಡಿ.

'ಫ್ರಾನ್ಸ್ ಪ್ಯಾಷನ್' ಸದಸ್ಯತ್ವ ತಗೊಂಡರೆ ದ್ರಾಕ್ಷಿ ತೋಟದವರು, ರೈತರು ತಮ್ಮ ಜಾಗದಲ್ಲಿ ಒಂದು ರಾತ್ರಿ ಉಚಿತವಾಗಿ ನಿಲ್ಲಲು ಬಿಡುತ್ತಾರೆ. ಏನೂ ಕೊಳ್ಳಲೇಬೇಕು ಅಂತಿಲ್ಲ. ಆದರೆ ಬೆಳಗ್ಗೆ ಎದ್ದು ಸಾಲು ದ್ರಾಕ್ಷಿ ಬಳ್ಳಿ ನೋಡುತ್ತಾ ಕಾಫಿ ಕುಡಿದ ಮೇಲೆ ಬರಿಗೈಲಿ ಹೊರಡೋಕೆ ಮನಸ್ಸು ಬರಲ್ಲ. ವೈನ್ ಮುಟ್ಟದ ನಮ್ಮಪ್ಪನೇ ಒಂದು ಬಾಟಲಿ ತಗೊಂಡರು!

ಅಡುಗೆ ಬಗ್ಗೆಯೂ ಕೇಳಿದ್ದೀರಿ. ಅನ್ನ, ಸಾರು ಆರಾಮಾಗಿ ಆಗುತ್ತದೆ. ಒಗ್ಗರಣೆ ಮಾತ್ರ ಹೊರಗೆ ಹಾಕಿ, ಇಲ್ಲದಿದ್ದರೆ ಇಂಗಿನ ವಾಸನೆ ದಿಂಬಿಗೆ ಹತ್ತಿ ಕೊನೆವರೆಗೂ ಹೋಗುವುದಿಲ್ಲ. ಆದರೆ ಕುರ್ಚಿ, ಒಲೆ ಹೊರಗೆ ಹರಡುವುದು ಕ್ಯಾಂಪಿಂಗ್ ಜಾಗದಲ್ಲಿ ಮಾತ್ರ. ಬರೀ ಪಾರ್ಕಿಂಗ್‌ನಲ್ಲಿ ಹಾಗೆ ಮಾಡುವಂತಿಲ್ಲ. ಸಾಮಾನು ಶನಿವಾರವೇ ತಂದಿಟ್ಟುಕೊಳ್ಳಿ, ಭಾನುವಾರ ಮಧ್ಯಾಹ್ನದ ಮೇಲೆ ಹಳ್ಳಿ ಕಡೆ ಅಂಗಡಿ ತೆರೆದಿರುವುದು ಕಡಿಮೆ.

ಅವಿನ್ಯೋನ್ ಹತ್ತಿರ ರೋನ್ ನದಿಯ ಕಣಿವೆಯಲ್ಲಿ ಮಿಸ್ಟ್ರಲ್ ಅಂತ ಉತ್ತರದಿಂದ ಗಾಳಿ ಬೀಸುತ್ತದೆ. ಕೆಲವು ದಿನ ಗಂಟೆಗೆ 90 ಕಿಲೋಮೀಟರ್ ದಾಟುತ್ತದೆ. ನಮ್ಮ ಎತ್ತರದ ವ್ಯಾನನ್ನು ಪಕ್ಕದ ಲೇನಿಗೇ ತಳ್ಳುತ್ತಿತ್ತು. ಅಂಥ ದಿನ ಸುಮ್ನೆ ನಿಂತುಬಿಡಿ. ನಿಲ್ಲಲು ಪೋಂ ದು ಗಾರ್ ಕಡೆ ಒಳ್ಳೆಯದು. ರೋಮನ್ನರು 1ನೇ ಶತಮಾನದಲ್ಲಿ ನೀರು ಹಾಯಿಸಲು ಕಟ್ಟಿದ, ಸುಮಾರು 49 ಮೀಟರ್ ಎತ್ತರದ ಮೂರಂತಸ್ತಿನ ಸೇತುವೆ. ಅದರ ಕೆಳಗೆ ನದಿಯಲ್ಲಿ ಈಜಬಹುದು.

ಸಮುದ್ರ ಬೇಕೇ ಬೇಕು ಅಂದರೆ ರೋನ್ ನದಿ ಸಮುದ್ರ ಸೇರುವ ಕಡೆಯ ಜೌಗು ನಾಡು ಕಮಾರ್ಗ್‌ಗೆ ಹೋಗಿ: ಫ್ಲೆಮಿಂಗೊ, ಬಿಳಿ ಕುದುರೆ, ಉಪ್ಪಿನ ಗದ್ದೆ, ಭತ್ತದ ಗದ್ದೆ. ಕತ್ತಲಾದರೆ ಸೊಳ್ಳೆ ಕಾಟ. ಅಲ್ಲಿನ ಸೇಂತ್ ಮರಿ ಊರಿನ ಚರ್ಚಿನ ನೆಲಮಾಳಿಗೆಯಲ್ಲಿ ಕಪ್ಪು ಸಾರಾಳ ಮೂರ್ತಿ ಇದೆ. ಯುರೋಪಿನ ರೋಮಾ (ಜಿಪ್ಸಿ) ಜನ ಸಂತಳೆಂದು ಪೂಜಿಸುವವಳು, ಸಾರಾ ಲಾ ಕಾಲಿ ಅಂತಲೂ ಕರೆಯುತ್ತಾರೆ. ಪ್ರತಿ ವರ್ಷ ಮೇ 24ರಂದು ಮೆರವಣಿಗೆಯಲ್ಲಿ ಸಮುದ್ರಕ್ಕೆ ಕರೆದೊಯ್ಯುತ್ತಾರೆ. ರೋಮಾ ಜನರ ಪೂರ್ವಿಕರು ಭಾರತದಿಂದ ಹೋದವರು. ನಾವು ಹೋದಾಗ ಮೂರ್ತಿಗೆ ಹರಕೆಯ ಬಟ್ಟೆ ಒಂದರ ಮೇಲೊಂದು ಹೊದಿಸಿದ್ದರು, ಕೆಳಗೆ ಮೇಣದ ಬತ್ತಿಗಳ ಸೆಕೆ. ಅಮ್ಮ ಚಪ್ಪಲಿ ಹೊರಗೆ ಬಿಡಬೇಕಿತ್ತಲ್ವಾ ಅಂತ ಪಿಸುಗುಟ್ಟಿದರು.

ವೆರ್ದೋನ್ ಕಮರಿಯನ್ನು ತಪ್ಪಿಸಬೇಡಿ. ಕೆಲವು ಕಡೆ 700 ಮೀಟರ್ ಆಳ. ರಸ್ತೆ ಕಿರಿದು, ಎದುರಿಂದ ಇನ್ನೊಂದು ವ್ಯಾನ್ ಬಂದರೆ ಉಸಿರು ಬಿಗಿ ಹಿಡಿಯಬೇಕು. ಲ್ಯಾವೆಂಡರ್ ನೋಡುವ ಆಸೆ ಇದ್ದರೆ, ನೀವು ಹೋಗುವ ಹೊತ್ತಿಗೆ ವಲಾನ್ಸೋಲ್ ಬಯಲಲ್ಲಿ ಕೊಯ್ಲು ಬಹುಪಾಲು ಮುಗಿದಿರುತ್ತದೆ. ಎತ್ತರದಲ್ಲಿರುವ ಸೋ ಊರಿನ ಕಡೆ ಹೂವು ಸ್ವಲ್ಪ ತಡ, ಅಲ್ಲಿಗೆ ಹೋಗಿ.

ಕಾಗದ ಪತ್ರದ ವಿಷಯ. ಭಾರತದ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ವ್ಯಾನ್ 3.5 ಟನ್ ಒಳಗಿರಲಿ. ಷೆಂಗೆನ್ ವೀಸಾಕ್ಕೆ ಉಳಿಯುವ ಜಾಗದ ಪುರಾವೆ ಕೇಳುತ್ತಾರೆ, ಕ್ಯಾಂಪಿಂಗ್ ಬುಕಿಂಗ್ ತೋರಿಸಬಹುದು. ಎರಡು ಮೀಟರ್‌ಗಿಂತ ಎತ್ತರದ ಗಾಡಿಗೆ ಟೋಲ್ ಕಾರಿಗಿಂತ ಜಾಸ್ತಿ. ಇನ್ನು ಬಾಡಿಗೆ ಕಂಪನಿ. ಮೊದಲೇ ಇದ್ದ ಗೀರಿಗೆ ನಮ್ಮ ಡಿಪಾಸಿಟ್‌ನಿಂದ ದುಡ್ಡು ಕಿತ್ತರು, ಎಷ್ಟು ಮೇಲ್ ಬರೆದರೂ ಜಗ್ಗಲಿಲ್ಲ. ಕೀಲಿ ತಗೊಳ್ಳುವಾಗ ಒಳಗೆ, ಹೊರಗೆ, ಚಾವಣಿ ಸಮೇತ ವಿಡಿಯೋ ಮಾಡಿ, ಅವರ ಎದುರಿಗೇ.

ನೀಸ್ ನೋಡಲೇಬೇಕಾ? ವ್ಯಾನ್ ವಾಪಸ್ ಕೊಟ್ಟು ಮಾರ್ಸೇಯಿಂದ ರೈಲು ಹತ್ತಿ. ಎಷ್ಟೋ ಕಡೆ ಹಳಿ ಸಮುದ್ರದ ಪಕ್ಕದಲ್ಲೇ ಇದೆ, ಪಾರ್ಕಿಂಗ್ ತಲೆನೋವಿಲ್ಲ. ಇಳಿದ ಮೇಲೆ ಹಳೇ ಪೇಟೆಯಲ್ಲಿ ಸೊಕ್ಕಾ ತಿನ್ನಿ. ಕಡ್ಲೆ ಹಿಟ್ಟಿನ ದೋಸೆ ಇದ್ದ ಹಾಗೆ, ಸಸ್ಯಾಹಾರಿಗಳಿಗೂ ನಡೆಯುತ್ತದೆ.