ಮೂರನೆಯ ಪ್ಯಾರಾದ ಮಿಂಚು

ಪ್ರಿಯರೆ,

ಮಲ್ಲೇಶ್ವರದ ಮನೆಯ ಅಟ್ಟದಿಂದ ತಂದೆಯವರ ಐಬಿಎಂ ಎಕ್ಸ್‌ಟಿ ಕಂಪ್ಯೂಟರನ್ನು ಇಳಿಸಿ, ಅದಕ್ಕೆ ಹೆಚ್ಚು ವೇಗದ 286 ಪ್ರೊಸೆಸರಿನ ಕಾರ್ಡೊಂದನ್ನು ಜೋಡಿಸಿ, ವಿಂಡೋಸ್‌ನ ಮೊದಲ ಆವೃತ್ತಿಯನ್ನು ನಡೆಸಿ ನೋಡಿದ ನಿಮ್ಮ ಲೇಖನ ತಲುಪಿತು. ಭಾಷೆ ಶುದ್ಧವಾಗಿದೆ, ಅಟ್ಟದ ಧೂಳಿನ ವರ್ಣನೆಯೂ ಚೆನ್ನಾಗಿದೆ. ಆದರೆ ಮೂರನೆಯ ಪ್ಯಾರಾ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು. ಈ ಪತ್ರ ಅದರ ಬಗ್ಗೆ ಮಾತ್ರ.

"ಕಾರ್ಡ್ ಕೂರಿಸಿದೊಡನೆ ಯಂತ್ರಕ್ಕೆ ಮರುಜೀವ ಬಂತು" ಎನ್ನುತ್ತೀರಿ. 'ಕೂರಿಸಿದೊಡನೆ' ಎಂಬ ಒಂದೇ ಪದದಡಿ ಇಡೀ ಕೆಲಸ ಮುಚ್ಚಿಹೋಗಿದೆ. ಯಂತ್ರದ ಮೂಲ ಪ್ರೊಸೆಸರಾದ ನಲವತ್ತು ಕಾಲಿನ 8088 ಚಿಪ್ಪನ್ನು ಒಂದು ಕಾಲೂ ಬಗ್ಗದಂತೆ ಸಾಕೆಟ್ಟಿನಿಂದ ಎಬ್ಬಿಸಿ, ಕಾರ್ಡಿನಿಂದ ಬರುವ ಕೇಬಲ್ಲಿನ ತುದಿಯನ್ನು ದಿಕ್ಕು ತಪ್ಪದಂತೆ ಆ ಜಾಗಕ್ಕೆ ಒತ್ತುವಾಗ ನಿಮ್ಮ ಕೈ ನಡುಗಲಿಲ್ಲವೆ?

ಮುಂದಿನ ವಾಕ್ಯ: "ವಿಂಡೋಸ್ ಮಿಂಚಿನ ವೇಗದಲ್ಲಿ ಓಡತೊಡಗಿತು." ಓಡಿರಲಾರದು. ಕಾರ್ಡಿನ ಮೇಲಿನ 286 ಎಷ್ಟೇ ಚುರುಕಾಗಿದ್ದರೂ, ಪರದೆಯ ಮೆಮೊರಿಯನ್ನು ಮುಟ್ಟಬೇಕಾದಾಗಲೆಲ್ಲ ಅದು 1983ರ ಎಕ್ಸ್‌ಟಿಯ 8 ಬಿಟ್ ಬಸ್ಸಿಗೇ (ಒಮ್ಮೆಗೆ ಒಂದೇ ಬೈಟು ಸಾಗಿಸುವ ದಾರಿಗೇ), 4.77 ಮೆಗಾಹರ್ಟ್ಸ್ ನಡಿಗೆಗೇ ಇಳಿಯಬೇಕು. ಪರದೆಗೆ ಚಿತ್ರ ಕಳಿಸುವ ನಿಮ್ಮ ಹರ್ಕ್ಯುಲಿಸ್ ಕಾರ್ಡಿನ 720 × 348 ಚುಕ್ಕೆಗಳ ಒಂದು ಪರದೆಯೆಂದರೆ 31,320 ಬೈಟು. ಕಿಟಕಿಯೊಂದು ಪರದೆಯನ್ನು ತುಂಬಿಕೊಂಡಾಗಲೆಲ್ಲ ಅಷ್ಟೂ ಆ ಕಿರುದಾರಿಯಲ್ಲೇ ಒಂದೊಂದಾಗಿ ಸಾಗಬೇಕು. ಲೆಕ್ಕ ಬೇಗ ಮುಗಿಯುತ್ತದೆ, ಚಿತ್ರ ಹಿಂದೆ ಉಳಿಯುತ್ತದೆ. ಲೇಖನದ ವಸ್ತುವೇ ಇದಾಗಬೇಕಿತ್ತು.

"ಕಿಟಕಿಗಳನ್ನು ಒಂದರ ಮೇಲೊಂದು ಹರಡಿದೆ" ಎಂಬುದಂತೂ ಸಾಧ್ಯವೇ ಇಲ್ಲ. 1985ರ ಆ ಆವೃತ್ತಿಯಲ್ಲಿ ಕಿಟಕಿಗಳು ನೆಲದ ಹಾಸುಗಲ್ಲಿನಂತೆ ಪಕ್ಕಪಕ್ಕದಲ್ಲಿ ಕೂರುತ್ತವೆ. ಒಂದನ್ನೊಂದು ಮುಚ್ಚುವ ಸೌಕರ್ಯ ಬಂದದ್ದು 1987ರ ಎರಡನೆಯ ಆವೃತ್ತಿಯಲ್ಲಿ. ನೀವು ನೋಡಿದ್ದು ಎರಡನೆಯದನ್ನೋ, ಅಥವಾ ನೋಡದೆಯೇ ಬರೆದಿರೋ?

ಈ ಚಟ ನನಗೂ ಇತ್ತು. ಚಾಮರಾಜಪೇಟೆಯ ಮುದ್ರಣಾಲಯವೊಂದರಲ್ಲಿ ಕರಡು ತಿದ್ದುತ್ತಿದ್ದ ದಿನಗಳಲ್ಲಿ, ಜೆಮ್ ಎಂಬ ಚಿತ್ರಾತ್ಮಕ ವ್ಯವಸ್ಥೆಯ ಮೇಲೆ ನಡೆಯುತ್ತಿದ್ದ ವೆಂಚುರಾ ಪುಟವಿನ್ಯಾಸದ ತಂತ್ರಾಂಶದ ಕುರಿತು "ಕ್ಷಣಾರ್ಧದಲ್ಲಿ ಪುಟ ಮೂಡುತ್ತದೆ" ಎಂದು ಬರೆದಿದ್ದೆ. ಹಿರಿಯ ಸಂಪಾದಕರು ಏನೂ ಹೇಳದೆ ತಮ್ಮ ಕೈಗಡಿಯಾರವನ್ನು ಬಿಚ್ಚಿಕೊಟ್ಟರು. ಹೋಗಿ ಕುಳಿತು ಎಣಿಸಿದೆ: ಹನ್ನೊಂದು ಸೆಕೆಂಡು. ಅಷ್ಟರಲ್ಲಿ ಆಪರೇಟರು ಪಕ್ಕದ ಹಾಳೆಯ ಒಂದು ಸಾಲನ್ನು ಓದಿ, ತಪ್ಪಿಗೆ ಗೆರೆ ಎಳೆದು, ಮತ್ತೆ ತಲೆಯೆತ್ತುತ್ತಿದ್ದರು. ಅಚ್ಚಾದ ಲೇಖನದಲ್ಲಿ ನನ್ನ 'ಕ್ಷಣಾರ್ಧ' ಇರಲಿಲ್ಲ, ಅವರು ತಲೆಯೆತ್ತಿದ್ದು ಇತ್ತು.

ನಿಮ್ಮ 286 ಕಾರ್ಡಿನಲ್ಲಿ ಹಳೆಯ 8088ಕ್ಕೂ ಜಾಗವಿದೆ, ಸ್ವಿಚ್ ಬದಲಿಸಿ ಅದಕ್ಕೆ ಮರಳಬಹುದು ಎಂದು ಕೊನೆಯ ಪುಟದ ಮೂಲೆಯಲ್ಲೆಲ್ಲೋ ಹೇಳಿದ್ದೀರಿ. ಹಾಗಿದ್ದರೆ ಒಂದೇ ಕಡತವನ್ನು ಎರಡೂ ಚಿಪ್ಪುಗಳಲ್ಲಿ ತೆರೆದು, ಗಡಿಯಾರ ನೋಡಿ, ಮೂರನೆಯ ಪ್ಯಾರಾವನ್ನು ಹೊಸದಾಗಿ ಬರೆದು ಕಳುಹಿಸಿ. ಉಳಿದ ಪುಟಗಳನ್ನು ಆಮೇಲೆ ನೋಡೋಣ.

ಇಂತಿ,
ಸಂಪಾದಕ