ಹೋಲಿಕೆ ಕಂಡಿತು ಸರಿ, ದಾರಿ ಎಲ್ಲಿ?

ಪ್ರಿಯ ಗೆಳೆಯರೇ,

ನಮಸ್ಕಾರ. ನಿಮ್ಮ ‘ಎರವಲು ದೇವರು’ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಇದನ್ನು ಅಚ್ಚು ಹಾಕುವುದಿಲ್ಲ. ಆದರೆ ಕೈಬಿಡಿ ಅಂತಲೂ ಹೇಳುತ್ತಿಲ್ಲ. ನಿಮ್ಮ ಗದ್ಯ ಸರಾಗವಾಗಿ ಓಡುತ್ತದೆ, ಪ್ರಶ್ನೆ ದೊಡ್ಡದು, ಕೇಳುವ ಧೈರ್ಯವೂ ಇದೆ. ಅದಕ್ಕೇ ಎರಡು ಸಾಲಿನಲ್ಲಿ ಮುಗಿಸದೆ ಉದ್ದಕ್ಕೆ ಬರೆಯುತ್ತಿದ್ದೇನೆ.

ನಿಮ್ಮ ವಾದ ಹೀಗಿದೆ. ಯೇಸು ಎಂಬ ಮನುಷ್ಯ ಇರಲೇ ಇಲ್ಲ. ಈಜಿಪ್ಟಿನ ಹೋರಸ್, ಪರ್ಷಿಯಾದ ಮಿತ್ರ, ನಮ್ಮ ಕೃಷ್ಣ, ಇವರ ಕತೆಗಳನ್ನು ಸೇರಿಸಿ ಅವನನ್ನು ಕಟ್ಟಿದರು. ಎಲ್ಲರೂ ಕನ್ಯೆಯ ಮಕ್ಕಳು, ಎಲ್ಲರೂ ಡಿಸೆಂಬರ್ 25ರಂದು ಹುಟ್ಟಿದವರು, ಎಲ್ಲರಿಗೂ ಹನ್ನೆರಡು ಶಿಷ್ಯರು, ಎಲ್ಲರೂ ಸತ್ತು ಮೂರನೇ ದಿನ ಎದ್ದವರು. 325ರಲ್ಲಿ ಕ್ರೈಸ್ತ ಬಿಷಪ್‌ಗಳ ನೈಸಿಯಾ ಸಭೆಯಲ್ಲಿ ರೋಮಿನ ಕಾನ್‌ಸ್ಟಂಟೈನ್ ಚಕ್ರವರ್ತಿ ಇದಕ್ಕೆಲ್ಲ ಮುದ್ರೆ ಒತ್ತಿದ. ಇದನ್ನು ಒಂದು ಕೋಷ್ಟಕ ಮಾಡಿ ಕೊಟ್ಟಿದ್ದೀರಿ. ಇಡೀ ಲೇಖನ ನಿಂತಿರುವುದು ಆ ಕೋಷ್ಟಕದ ಮೇಲೆ. ಅದೇ ನಿಮಗೆ ಕೈಕೊಟ್ಟಿದೆ.

ಹೋರಸ್‌ನ ಸಾಲು ನೋಡಿ. ಅವನ ತಾಯಿ ಐಸಿಸ್ ಕನ್ಯೆಯಲ್ಲ, ಗಂಡನಿರುವ ಹೆಂಗಸು. ಗಂಡ ಒಸೈರಿಸ್‌ನನ್ನು ಅವನ ತಮ್ಮ ಸೆತ್ ಕೊಲ್ಲುತ್ತಾನೆ. ಐಸಿಸ್ ಆ ದೇಹವನ್ನು ಕೂಡಿಸಿ, ಹಕ್ಕಿಯಾಗಿ ಅದರ ಮೇಲೆ ಹಾರಾಡಿ, ಸತ್ತ ಗಂಡನಿಂದಲೇ ಬಸುರಾಗುತ್ತಾಳೆ. ಒಸೈರಿಸ್ ಮತ್ತೆ ಈ ಲೋಕಕ್ಕೆ ಬರುವುದಿಲ್ಲ, ಸತ್ತವರ ಲೋಕಕ್ಕೆ ರಾಜನಾಗುತ್ತಾನೆ. ಎಂಥ ಅದ್ಭುತ ಕತೆ, ಅಲ್ವಾ? ಅದನ್ನು ಬಿಟ್ಟು ‘ಕನ್ಯೆಯ ಮಗ’ ಅಂತ ಒಂದೇ ಪದ ಬರೆದಿದ್ದೀರಿ. ಲಕ್ಸರ್ ದೇವಾಲಯದ ಗೋಡೆಯಲ್ಲಿ ಹೋರಸ್ ಹುಟ್ಟಿದ ಚಿತ್ರವಿದೆ ಎಂದೂ ಹೇಳಿದ್ದೀರಿ. ಆ ಗೋಡೆಯಲ್ಲಿರುವುದು ಮೂರನೇ ಅಮೆನ್‌ಹೋಟೆಪ್ ಎಂಬ ರಾಜ ಹುಟ್ಟಿದ ಕತೆ. ಅಮುನ್ ದೇವರು ಗಂಡನ ವೇಷದಲ್ಲಿ ರಾಣಿ ಮುತೆಮ್ವಿಯಾಳ ಬಳಿ ಬರುತ್ತಾನೆ. 19ನೇ ಶತಮಾನದಲ್ಲಿ ಇಂಗ್ಲೆಂಡಿನ ಜೆರಾಲ್ಡ್ ಮ್ಯಾಸಿಯಂಥವರು ಈ ಚಿತ್ರಕ್ಕೆ ಕ್ರೈಸ್ತ ಅರ್ಥ ಹಚ್ಚಿದರು. ಆಮೇಲೆ ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಬರೆದರು. ನಿಮಗೆ ಸಿಕ್ಕಿರುವುದು ಆ ಸಾಲಿನ ಕೊನೆಯ ನಕಲು.

ಮಿತ್ರನ ವಿಷಯದಲ್ಲಿ ನಿಮ್ಮ ಕೈಯಲ್ಲಿ ಒಳ್ಳೆಯ ಸಾಮಗ್ರಿ ಇತ್ತು, ಬಳಸಿಕೊಳ್ಳಲಿಲ್ಲ. ಮಿತ್ರ ತುಂಬಾ ಹಳೆಯ ದೇವರು, ನಿಜ. ಋಗ್ವೇದದಲ್ಲಿದ್ದಾನೆ, ಪರ್ಷಿಯಾದಲ್ಲಿದ್ದಾನೆ, ಕ್ರಿ.ಪೂ. 14ನೇ ಶತಮಾನದಲ್ಲಿ ಸಿರಿಯಾ ಕಡೆಯ ಮಿತನ್ನಿ ರಾಜ್ಯ ಮಾಡಿಕೊಂಡ ಒಪ್ಪಂದದಲ್ಲೂ ಅವನ ಹೆಸರಿದೆ. ಆದರೆ ನೀವು ಯೇಸುವಿಗೆ ಹೋಲಿಸಿರುವುದು ರೋಮಿನ ಮಿತ್ರಾಸ್‌ನನ್ನು. ಸೈನಿಕರು, ವ್ಯಾಪಾರಿಗಳು ಗುಹೆಯಂಥ ಸಣ್ಣ ಗುಡಿಗಳಲ್ಲಿ ಗುಟ್ಟಾಗಿ ಪೂಜಿಸುತ್ತಿದ್ದ ದೇವರು ಅವನು. ಈ ಪಂಥದ ಗಟ್ಟಿ ಕುರುಹು ಸಿಗುವುದು ಕ್ರಿ.ಶ. 1ನೇ ಶತಮಾನದ ಕೊನೆಯಿಂದ ಈಚೆಗೆ. ಕ್ರೈಸ್ತ ಮತದ ಮೊದಲ ಪ್ರಚಾರಕರಲ್ಲಿ ಒಬ್ಬನಾದ ಪೌಲನ ಪತ್ರಗಳು 50ರ ದಶಕದವು. ಹಾಗಾದರೆ ಪೌಲ ಎಲ್ಲಿಂದ ಕದ್ದ? ಕೆತ್ತನೆಗಳಲ್ಲಿ ಮಿತ್ರಾಸ್ ಬಂಡೆಯೊಳಗಿಂದ ಎದ್ದು ಬರುತ್ತಾನೆ, ಕೈಯಲ್ಲಿ ಕತ್ತಿ ಮತ್ತು ಪಂಜು. ಅಲ್ಲಿ ತಾಯಿಯೇ ಇಲ್ಲ. ಅವನು ಗೂಳಿಯನ್ನು ಕೊಲ್ಲುವ ದೃಶ್ಯದ ಸುತ್ತ ಕೆಲವು ಕಡೆ ಹನ್ನೆರಡು ರಾಶಿಗಳನ್ನು ಕೆತ್ತಿದ್ದಾರೆ. ಅವನ್ನೇ ಯಾರೋ ಶಿಷ್ಯರು ಮಾಡಿಬಿಟ್ಟರು. ಅವನು ಸತ್ತ ಕತೆಯಂತೂ ಎಲ್ಲೂ ಸಿಗುವುದಿಲ್ಲ.

ನೀವು ಬಿಟ್ಟ ಸಾಮಗ್ರಿ ಇದು. ಸುಮಾರು 150ರಲ್ಲಿ ರೋಮಿನಲ್ಲಿದ್ದ ಜಸ್ಟಿನ್ ಎಂಬ ಕ್ರೈಸ್ತ ಲೇಖಕನೇ ಹೋಲಿಕೆಯನ್ನು ಗಮನಿಸಿದ್ದ. ಮಿತ್ರಾಸ್‌ನ ಭಕ್ತರು ದೀಕ್ಷೆಯ ಹೊತ್ತಿನಲ್ಲಿ ರೊಟ್ಟಿ ಮತ್ತು ನೀರಿನ ಬಟ್ಟಲು ಇಟ್ಟು ಮಂತ್ರ ಹೇಳುತ್ತಾರೆ, ಇದು ನಮ್ಮ ಪ್ರಭು ಭೋಜನದ ನಕಲು, ದೆವ್ವಗಳ ಕೆಲಸ ಎಂದು ಬರೆದ. ಅಂದರೆ ಎರಡು ಹೊಸ ಪಂಥಗಳು ಒಂದೇ ಊರಿನಲ್ಲಿ ಅಕ್ಕಪಕ್ಕ ಬೆಳೆಯುತ್ತಿವೆ, ಒಂದನ್ನೊಂದು ಕಣ್ಣಿಟ್ಟು ನೋಡುತ್ತಿವೆ. ರೋಮಿನ ಸಾನ್ ಕ್ಲೆಮೆಂಟೆ ಚರ್ಚಿನ ಅಡಿಯಲ್ಲಿ ಇವತ್ತಿಗೂ ಮಿತ್ರಾಸ್‌ನ ಗುಡಿ ಇದೆ. ಇದು ಕಳ್ಳತನಕ್ಕಿಂತ ರೋಚಕ ವಿಷಯ. ಇದರ ಮೇಲೆ ನೀವು ಬರೆದಿದ್ದರೆ ಕಣ್ಣು ಮುಚ್ಚಿ ಹಾಕುತ್ತಿದ್ದೆ.

ಕೃಷ್ಣನ ಸಾಲಂತೂ ನನಗೆ ನೋವು ತಂದಿತು. ಕನ್ನಡದ ಓದುಗರ ಮುಂದೆ ‘ಕೃಷ್ಣ ಕನ್ಯೆಯ ಮಗ, ಶಿಲುಬೆಗೇರಿದವನು’ ಅಂತ ಬರೆದರೆ ಮನೆಯಲ್ಲಿರುವ ಅಜ್ಜಿಯೇ ತಿದ್ದುತ್ತಾರೆ. ಅವನು ದೇವಕಿಯ ಎಂಟನೇ ಮಗ. ಹುಟ್ಟಿದ್ದು ಮಳೆಗಾಲದ ಅಷ್ಟಮಿಯ ರಾತ್ರಿ. ಸತ್ತದ್ದು ಜರ ಎಂಬ ಬೇಡನ ಬಾಣ ಕಾಲಿಗೆ ತಗುಲಿ. ನಮ್ಮದೇ ಕತೆಯನ್ನು ನಾವೇ ಮರೆತು, 1875ರಲ್ಲಿ ಅಮೆರಿಕದ ಕರ್ಸಿ ಗ್ರೇವ್ಸ್ ಆಧಾರವಿಲ್ಲದೆ ಬರೆದ ಹದಿನಾರು ‘ಶಿಲುಬೆಯ ದೇವರುಗಳ’ ಪಟ್ಟಿಯನ್ನು ಯಾಕೆ ನಂಬಬೇಕು?

ಇನ್ನೊಂದು ವಿಷಯ ನಿಮಗೆ ಗೊತ್ತಿರಬೇಕು. ಇದೇ ಅಸ್ತ್ರವನ್ನು ನಮ್ಮ ಮೇಲೂ ಬಿಟ್ಟಿದ್ದಾರೆ. 1867ರಲ್ಲಿ ಜರ್ಮನಿಯ ಸಂಸ್ಕೃತ ವಿದ್ವಾಂಸ ಆಲ್ಬ್ರೆಕ್ಟ್ ವೆಬರ್ ಕೃಷ್ಣ ಜನ್ಮಾಷ್ಟಮಿಯ ಮೇಲೆ ಒಂದು ದೊಡ್ಡ ಪ್ರಬಂಧ ಬರೆದ. ಮಗುವಿಗೆ ಹಾಲೂಡಿಸುವ ದೇವಕಿ ಮತ್ತು ಮಗುವನ್ನು ಎತ್ತಿಕೊಂಡ ಮರಿಯ ಒಂದೇ ಥರ ಕಾಣುತ್ತಾರೆ, ಆದ್ದರಿಂದ ಹಬ್ಬಕ್ಕೆ ಕ್ರೈಸ್ತರ ಪ್ರಭಾವವಿದೆ ಎಂಬುದು ಅವನ ವಾದ. ನೀವು ಯೇಸುವಿಗೆ ಮಾಡಿದ್ದನ್ನೇ ಅವನು ಕೃಷ್ಣನಿಗೆ ಮಾಡಿದ. ಅದಕ್ಕೆ ಉತ್ತರ ಕೊಟ್ಟದ್ದು ಕೋಪವಲ್ಲ, ಕಾಲ. ಕ್ರಿ.ಪೂ. 2ನೇ ಶತಮಾನದ ಪತಂಜಲಿಯ ಮಹಾಭಾಷ್ಯದಲ್ಲೇ ಕಂಸವಧೆಯನ್ನು ಜನರ ಮುಂದೆ ತೋರಿಸುವ ಮಾತು ಬರುತ್ತದೆ. ಮಧ್ಯಪ್ರದೇಶದ ಬೆಸನಗರದಲ್ಲಿ ಹೀಲಿಯೋಡೋರಸ್ ಎಂಬ ಗ್ರೀಕ್ ರಾಯಭಾರಿ ವಾಸುದೇವನಿಗಾಗಿ ನಿಲ್ಲಿಸಿದ ಗರುಡಗಂಬವಿದೆ. ಅದೂ ಯೇಸುವಿಗೆ ನೂರಕ್ಕೂ ಜಾಸ್ತಿ ವರ್ಷ ಹಿಂದಿನದು. ಹೋಲಿಕೆ ಸಾಕು ಅನ್ನುವುದಾದರೆ ವೆಬರ್ ಗೆದ್ದ, ನೀವೂ ಗೆದ್ದಿರಿ. ಇಬ್ಬರೂ ಒಟ್ಟಿಗೆ ಗೆಲ್ಲಲು ಆಗುವುದಿಲ್ಲವಲ್ಲ.

ನನ್ನ ಮುಖ್ಯ ಮಾತು ಇದೇ. ಒಂದು ಕತೆ ಇನ್ನೊಂದರಿಂದ ಬಂತು ಅನ್ನಬೇಕಾದರೆ ಅದು ನಡೆದು ಬಂದ ದಾರಿ ತೋರಿಸಬೇಕು. ಯಾವುದು ಮೊದಲು ಬರೆದದ್ದು? ಎರಡನೆಯದನ್ನು ಬರೆದವನಿಗೆ ಮೊದಲನೆಯದು ಗೊತ್ತಿತ್ತಾ? ಸುಮ್ನೆ ಕಾಕತಾಳೀಯ ಅನ್ನಲಾಗದಂಥ ವಿಚಿತ್ರ ವಿವರ ಎರಡರಲ್ಲೂ ಇದೆಯಾ? ಬುಟ್ಟಿಯಲ್ಲಿ ತೇಲಿ ಬಂದ ಮಗು ಮೆಸೊಪೊಟೇಮಿಯಾದ ಸಾರ್ಗೋನನ ಕತೆಯಲ್ಲಿದೆ, ಮೋಶೆಯ ಕತೆಯಲ್ಲಿದೆ, ನಮ್ಮ ಕರ್ಣನ ಕತೆಯಲ್ಲೂ ಇದೆ. ಅಷ್ಟಕ್ಕೇ ಮೂವರನ್ನೂ ಒಂದೇ ಮನೆಯವರು ಅನ್ನಲಾಗುವುದಿಲ್ಲ.

ಬೈಬಲ್ಲು ಹಳೆಯ ಪುರಾಣಗಳಿಂದ ಏನನ್ನೂ ಪಡೆದಿಲ್ಲ ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಖಂಡಿತ ಪಡೆದಿದೆ. 1872ರ ಡಿಸೆಂಬರ್ 3ರಂದು ಲಂಡನ್ನಿನಲ್ಲಿ ಜಾರ್ಜ್ ಸ್ಮಿತ್ ಒಂದು ಮಣ್ಣಿನ ಹಲಗೆಯನ್ನು ಓದಿ ಹೇಳಿದ. ನೋಟು ಅಚ್ಚಿಗೆ ಕೆತ್ತನೆ ಮಾಡುತ್ತಿದ್ದ ಮನುಷ್ಯ ಅವನು, ಹಳೆಯ ಲಿಪಿಯನ್ನು ತಾನೇ ಕಲಿತವನು. ಪ್ರಧಾನಿ ಗ್ಲಾಡ್‌ಸ್ಟನ್ ಕೂಡ ಆ ಸಭೆಯಲ್ಲಿದ್ದರು. ಹಲಗೆ ನಿನೆವೆ ನಗರದ್ದು, ಕತೆ ಗಿಲ್ಗಮೆಶ್ ಎಂಬ ಮೆಸೊಪೊಟೇಮಿಯಾದ ಹಳೆಯ ಕಾವ್ಯದ್ದು. ದೇವರು ಪ್ರಳಯದ ಸುದ್ದಿ ಕೊಡುತ್ತಾನೆ, ಒಬ್ಬ ದೋಣಿ ಕಟ್ಟುತ್ತಾನೆ, ಪ್ರಾಣಿಗಳನ್ನು ಹತ್ತಿಸುತ್ತಾನೆ, ದೋಣಿ ಬೆಟ್ಟದ ಮೇಲೆ ನಿಲ್ಲುತ್ತದೆ. ಆಮೇಲೆ ನೆಲ ಕಂಡಿತಾ ಎಂದು ನೋಡಲು ಪಾರಿವಾಳ, ಅಂಬರಗುಬ್ಬಿ, ಕಾಗೆಗಳನ್ನು ಒಂದೊಂದಾಗಿ ಬಿಡುತ್ತಾನೆ. ಬೈಬಲ್ಲಿನ ಮೊದಲ ಪುಸ್ತಕವಾದ ಆದಿಕಾಂಡದ ನೋಹನೂ ಕಾಗೆ ಮತ್ತು ಪಾರಿವಾಳ ಬಿಡುತ್ತಾನೆ. ಹಕ್ಕಿಗಳ ಆ ವಿವರವೇ ಸಾಕ್ಷಿ. ದಾರಿಯೂ ಕಾಣುತ್ತದೆ. ಇಸ್ರೇಲಿನ ಮೆಗಿದ್ದೋದಲ್ಲಿ ಗಿಲ್ಗಮೆಶ್ ಕತೆಯ ಒಂದು ತುಣುಕು ಸಿಕ್ಕಿದೆ. ಕ್ರಿ.ಪೂ. 6ನೇ ಶತಮಾನದಲ್ಲಿ ಯೆಹೂದ್ಯರು ಬಾಬಿಲೋನಿನಲ್ಲೇ ಸೆರೆಯಿದ್ದರು. ಹೀಗೆ ತೋರಿಸಿದಾಗ ನಂಬುವವರೂ ನಂಬದವರೂ ತಲೆದೂಗುತ್ತಾರೆ.

ಯೇಸುವಿನ ಕತೆಗೂ ಇದೇ ಕೆಲಸ ಮಾಡಿ. ಆಗ ನಿಮ್ಮ ಕಣ್ಣು ನೈಲ್ ನದಿಗೆ ಹೋಗುವ ಬದಲು ಯೆಹೂದ್ಯರ ಸ್ವಂತ ಗ್ರಂಥಗಳಿಗೆ ಹೋಗುತ್ತದೆ. ಎರಡನೆಯ ಅರಸುಗಳ ಪುಸ್ತಕದಲ್ಲಿ ಪ್ರವಾದಿ ಎಲೀಷ ಇಪ್ಪತ್ತು ಜವೆಗೋಧಿ ರೊಟ್ಟಿಯಲ್ಲಿ ನೂರು ಜನರಿಗೆ ಊಟ ಹಾಕಿಸುತ್ತಾನೆ. ಇಷ್ಟು ಜನಕ್ಕೆ ಸಾಲುತ್ತದಾ ಅಂತ ಸೇವಕ ಕೇಳುತ್ತಾನೆ. ಎಲ್ಲರೂ ತಿಂದು ಮಿಗುತ್ತದೆ. ಯೇಸು ಐದು ರೊಟ್ಟಿಯಲ್ಲಿ ಐದು ಸಾವಿರ ಜನರಿಗೆ ಉಣಿಸಿದ ಕತೆಯಲ್ಲೂ ಅದೇ ಅನುಮಾನ, ಅದೇ ಮಿಗುವಿಕೆ. ಯೇಸುವಿನ ಬದುಕನ್ನು ಹೇಳುವ ಬೈಬಲ್ಲಿನ ನಾಲ್ಕು ಸುವಾರ್ತೆಗಳಲ್ಲಿ ಒಂದಾದ ಯೋಹಾನನದರಲ್ಲಿ ರೊಟ್ಟಿಯೂ ಜವೆಗೋಧಿಯದೇ. ಸುವಾರ್ತೆ ಬರೆದವರಿಗೆ ಎಲೀಷನ ಕತೆ ಬಾಯಿಪಾಠವಿತ್ತು. ಇದು ದಾರಿ.

ರೋಮಿನ ರಾಜಕಾರಣವೂ ಇದೆ. ಅಗಸ್ಟಸ್ ಚಕ್ರವರ್ತಿ ತನ್ನ ನಾಣ್ಯಗಳಲ್ಲೇ ‘ದೇವರ ಮಗ’ ಎಂದು ಹಾಕಿಸಿಕೊಂಡಿದ್ದ. ಆಮೇಲಿನ ಚಕ್ರವರ್ತಿ ವೆಸ್ಪಾಸಿಯನ್ ಅಲೆಕ್ಸಾಂಡ್ರಿಯಾದಲ್ಲಿ ಉಗುಳು ಹಚ್ಚಿ ಕುರುಡನಿಗೆ ಕಣ್ಣು ಕೊಟ್ಟ ಎಂದು ಇತಿಹಾಸಕಾರ ಟ್ಯಾಸಿಟಸ್ ಬರೆಯುತ್ತಾನೆ. ಮಾರ್ಕನ ಸುವಾರ್ತೆಯಲ್ಲಿ ಯೇಸು ಬೆತ್ಸಾಯಿದದಲ್ಲಿ ಮಾಡಿದ್ದೂ ಇದನ್ನೇ. ಯಾರು ಯಾರನ್ನು ನಕಲು ಮಾಡಿದರು ಎಂದು ಹಟ ಹಿಡಿಯಬೇಡಿ. ದೊಡ್ಡ ಮನುಷ್ಯನ ಬಗ್ಗೆ ಆ ಕಾಲದ ಜನ ಹೀಗೆ ಮಾತಾಡುತ್ತಿದ್ದರು ಎಂಬುದೇ ಸಾಕಷ್ಟು ದೊಡ್ಡ ಸಂಗತಿ.

ಡಿಸೆಂಬರ್ 25ರ ಬಗ್ಗೆ ಮೂರು ಪುಟ ಖರ್ಚು ಮಾಡಿದ್ದೀರಿ. ಸುವಾರ್ತೆಗಳಲ್ಲಿ ತಾರೀಕೇ ಇಲ್ಲ. ಆ ದಿನ ಕ್ರಿಸ್ತಜಯಂತಿ ಎಂದು ಹೇಳುವ ಹಳೆಯ ದಾಖಲೆ 354ರ ರೋಮನ್ ಪಂಚಾಂಗ. ಅಜೇಯ ಸೂರ್ಯನ ದಿನವೂ ಅದೇ ಪಂಚಾಂಗದಲ್ಲಿದೆ. ಸೂರ್ಯನ ಹಬ್ಬದಿಂದ ಬಂತು ಎಂದು ಕೆಲವರು ಹೇಳುತ್ತಾರೆ, ಮಾರ್ಚ್ 25ಕ್ಕೆ ಒಂಬತ್ತು ತಿಂಗಳು ಕೂಡಿಸಿದರು ಎಂದು ಇನ್ನು ಕೆಲವರು. ಯಾವುದೇ ಆಗಲಿ, ನಿಮ್ಮ ವಾದಕ್ಕೆ ಬಲ ಬರುವುದಿಲ್ಲ. ನಮ್ಮ ಎಷ್ಟೋ ಹಿರಿಯರಿಗೆ ಶಾಲೆಯ ಮೇಷ್ಟ್ರು ಜೂನ್ 1 ಅಂತ ಹುಟ್ಟಿದ ದಿನ ಬರೆದುಕೊಂಡಿದ್ದಾರೆ. ತಾರೀಕು ಸುಳ್ಳು, ಆದರೆ ಆ ಹಿರಿಯರು ಸುಳ್ಳಲ್ಲ. ನೈಸಿಯಾದ ಪ್ಯಾರಾವನ್ನು ಪೂರ್ತಿ ತೆಗೆಯಿರಿ. ಅದಕ್ಕೂ ಇನ್ನೂರು ವರ್ಷ ಹಿಂದೆ, ಸುಮಾರು 112ರಲ್ಲಿ, ರೋಮನ್ ಅಧಿಕಾರಿ ಪ್ಲಿನಿ ತನ್ನ ಚಕ್ರವರ್ತಿಗೆ ಬರೆದ ಪತ್ರದಲ್ಲೇ ಕ್ರೈಸ್ತರು ಕ್ರಿಸ್ತನನ್ನು ದೇವರೆಂದು ಹಾಡುತ್ತಾರೆ ಎಂದಿದ್ದಾನೆ.

ಇನ್ನು ‘ಯೇಸು ಇರಲೇ ಇಲ್ಲ’ ಎಂಬ ಮಾತು. ಹೇಳಬೇಡಿ ಅನ್ನುವುದಿಲ್ಲ. ಆದರೆ ಎದುರಿಗಿರುವ ಸಾಕ್ಷ್ಯವನ್ನು ಓದುಗರಿಗೆ ತೋರಿಸಿ ಹೇಳಿ. ಸುಮಾರು 116ರಲ್ಲಿ ಟ್ಯಾಸಿಟಸ್, ಚಕ್ರವರ್ತಿ ತಿಬೇರಿಯಸ್‌ನ ಕಾಲದಲ್ಲಿ ರೋಮನ್ ಅಧಿಕಾರಿ ಪಿಲಾತ ಕ್ರಿಸ್ತನಿಗೆ ಮರಣದಂಡನೆ ಕೊಟ್ಟ ಎಂದು ಬರೆಯುತ್ತಾನೆ. 93ರ ಹೊತ್ತಿಗೆ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಎರಡು ಕಡೆ ಯೇಸುವಿನ ಹೆಸರು ಎತ್ತುತ್ತಾನೆ. ಒಂದು ಕಡೆ ಆಮೇಲಿನ ಕ್ರೈಸ್ತರು ಕೈಯಾಡಿಸಿದ್ದಾರೆ. ಇದನ್ನು ನೀವು ಹೇಳಿದ್ದೀರಿ, ಸರಿ. ಇನ್ನೊಂದನ್ನು ಹೇಳಲಿಲ್ಲ. ಅಲ್ಲಿ ‘ಕ್ರಿಸ್ತನೆನಿಸಿಕೊಂಡ ಯೇಸುವಿನ ತಮ್ಮ ಯಾಕೋಬ’ನನ್ನು ಕಲ್ಲು ಹೊಡೆದು ಕೊಂದ ಸುದ್ದಿ ಇದೆ. ಪೌಲ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ತಾನೇ ‘ಪ್ರಭುವಿನ ತಮ್ಮ’ನಾದ ಈ ಯಾಕೋಬನನ್ನು ಜೆರೂಸಲೇಮಿನಲ್ಲಿ ಕಂಡೆ ಅನ್ನುತ್ತಾನೆ. ಆಮೇಲೆ ಯಾಕೋಬನ ಕಡೆಯವರ ವಿಷಯಕ್ಕೆ ಯೇಸುವಿನ ಶಿಷ್ಯ ಪೇತ್ರನ ಜೊತೆ ಜಗಳವನ್ನೂ ಆಡುತ್ತಾನೆ. ಇಲ್ಲದ ಮನುಷ್ಯನಿಗೆ ಜಗಳಕ್ಕೆ ಕಾರಣವಾಗುವ ತಮ್ಮ ಎಲ್ಲಿಂದ ಬಂದ? ‘ತಮ್ಮ’ ಅಂದರೆ ಬರೀ ಸಹಭಕ್ತ ಎಂದು ರಿಚರ್ಡ್ ಕ್ಯಾರಿಯರ್‌ರಂಥವರು ವಾದಿಸುತ್ತಾರೆ. ಹಾಗಿದ್ದರೆ ಅದೇ ಜಾಗದಲ್ಲಿ ಪೇತ್ರನ ಹೆಸರೂ ಇರುವಾಗ ಪೌಲ ಯಾಕೋಬನನ್ನು ಮಾತ್ರ ಯಾಕೆ ‘ತಮ್ಮ’ ಎಂದು ಬೇರೆಯಾಗಿ ಗುರುತಿಸಿದ ಎಂದು ನೀವು ವಿವರಿಸಬೇಕು. ದೇವರನ್ನು ನಂಬದ ಬಾರ್ಟ್ ಎರ್ಮನ್‌ರಂಥ ವಿದ್ವಾಂಸರೂ ಯೇಸು ಇದ್ದ ಅನ್ನುವುದು ಇಂಥ ಕಾರಣಗಳಿಂದ. ನಿಮ್ಮ ‘ವಿದ್ವಾಂಸರೆಲ್ಲ ಒಪ್ಪಿದ್ದಾರೆ’ ಎಂಬ ಸಾಲು ಅದಕ್ಕೇ ನಿಲ್ಲುವುದಿಲ್ಲ.

ಭಾಷೆಯ ಬಗ್ಗೆ ಒಂದೇ ಮಾತು. ‘ಮೂಢ ಭಕ್ತರು’, ‘ಕುರಿಮಂದೆ’ ಎಂಬ ಪದಗಳನ್ನು ತೆಗೆಯಿರಿ. ನಮ್ಮ ಪತ್ರಿಕೆಯನ್ನು ಮಂಗಳೂರು, ಕಾರವಾರ, ಬೀದರಿನ ಕ್ರೈಸ್ತ ಮನೆಗಳಲ್ಲೂ ಓದುತ್ತಾರೆ. ಅವರಲ್ಲಿ ಅನೇಕರಿಗೆ ಬೈಬಲ್ಲು ನಿಮಗಿಂತ ಚೆನ್ನಾಗಿ ಗೊತ್ತು. ಅವರು ಬೇಸರ ಮಾಡಿಕೊಂಡರೂ ಪರವಾಗಿಲ್ಲ, ಆದರೆ ‘ಇದು ತಪ್ಪು’ ಎಂದು ಪುಟ ತೋರಿಸುವಂತೆ ಆಗಬಾರದು.

ಹೊಸ ಕರಡು ಬರೆಯುವಾಗ ಕೋಷ್ಟಕ ಬೇಡ. ನಿಮ್ಮ ಲೇಖನದ ಹನ್ನೊಂದನೇ ಪುಟದಿಂದ ಶುರು ಮಾಡಿ. ಮತ್ತಾಯನ ಪ್ರಕಾರ ಯೇಸು ಹುಟ್ಟಿದ್ದು ಹೆರೋದ ರಾಜನ ಕಾಲದಲ್ಲಿ, ಲೂಕನ ಪ್ರಕಾರ ಸಿರಿಯಾದ ರೋಮನ್ ಅಧಿಪತಿ ಕುರೇನ್ಯನ ಜನಗಣತಿಯ ಹೊತ್ತಿನಲ್ಲಿ, ಎರಡಕ್ಕೂ ಸುಮಾರು ಹತ್ತು ವರ್ಷ ಅಂತರ ಎಂದು ಅಲ್ಲಿ ತೋರಿಸಿದ್ದೀರಿ. ಹೆರೋದ ಸತ್ತದ್ದು ಕ್ರಿ.ಪೂ. 4ರಲ್ಲಿ, ಗಣತಿ ನಡೆದದ್ದು ಕ್ರಿ.ಶ. 6ರಲ್ಲಿ. ಲೆಕ್ಕ ಸರಿ, ಬರವಣಿಗೆಯೂ ಚೊಕ್ಕ. ಅಲ್ಲಿಂದ ಮುಂದೆ ಹೋಗಿ. ಬೆತ್ಲೆಹೇಮಿನ ಮಕ್ಕಳನ್ನು ಹೆರೋದ ಕೊಲ್ಲಿಸಿದ ಸುದ್ದಿ ಮತ್ತಾಯನಲ್ಲಿ ಮಾತ್ರ ಇದೆ. ಹೆರೋದನ ಕ್ರೌರ್ಯಗಳನ್ನು ಪುಟಗಟ್ಟಲೆ ಬರೆದ ಜೋಸೆಫಸ್‌ಗೆ ಅದು ಗೊತ್ತೇ ಇಲ್ಲ. ಅದರ ಪಕ್ಕದಲ್ಲಿ ಫರೋಹ ಮಕ್ಕಳನ್ನು ಕೊಲ್ಲಿಸಿದ ಮೋಶೆಯ ಕತೆ ಇಡಿ. ಮತ್ತಾಯ ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದ ಎಂದು ಓದುಗರೇ ಕಾಣುತ್ತಾರೆ. ಕಂಸನ ಕತೆಯನ್ನೂ ತನ್ನಿ, ಆದರೆ ಅದಕ್ಕೆ ಅಂಥ ದಾರಿ ಸಿಗುವುದಿಲ್ಲ ಎಂದೂ ಬರೆಯಿರಿ. ಮಿತ್ರಾಸ್ ಮತ್ತು ಜಸ್ಟಿನ್‌ನ ಪ್ರಸಂಗಕ್ಕೆ ಬೇರೆಯದೇ ಲೇಖನ ಬೇಕು, ಇದರೊಳಗೆ ತುರುಕಬೇಡಿ.

ಯಾಕೋಬನ ಭಾಗವನ್ನು ಮೊದಲು ಬರೆದು, ಅಷ್ಟನ್ನೇ ಕಳಿಸಿ. ಅದನ್ನು ನೋಡಿ ಮುಂದಿನದನ್ನು ಮಾತಾಡೋಣ.

ವಿಶ್ವಾಸದಿಂದ,
ಸಂಪಾದಕ